ಅಂಕಿ ಇಳಿದದ್ದು ನನಗೆ ಕಾಣಲಿಲ್ಲ

ಚಂದ್ರಿ, ಅವತ್ತು ನಾನು ಸುಳ್ಳು ಹೇಳಿದೆ. ಅಂಕಿ ಇಳಿಯಲಿಲ್ಲ ಅಂದೆನಲ್ಲ — ಇಳಿಯಿತೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ. ನನಗೆ ಅಂಕಿಯೇ ಕಾಣುತ್ತಿರಲಿಲ್ಲ.

ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. ಯಾರಿಗೂ ಹೇಳಿರಲಿಲ್ಲ. ನನ್ನ ಓರಗಿತ್ತಿ ಆಪರೇಷನ್ ಮಾಡಿಸಿಕೊಂಡು ಬಂದಮೇಲೆ ಸಾಯುವತನಕ ಗೋಡೆ ಸವರಿಕೊಂಡೇ ಓಡಾಡಿದಳು. ನನ್ನನ್ನೂ ಎಳೆದುಕೊಂಡು ಹೋಗಿ ಮಲಗಿಸುತ್ತಾರೆ ಅನ್ನುವ ಹೆದರಿಕೆ. ಪಾತ್ರೆಯನ್ನು ಮುಟ್ಟಿ ಗುರುತಿಸುತ್ತಿದ್ದೆ, ಬಂದವರನ್ನು ದನಿಯಿಂದ.

ನೀನೂ ನನ್ನ ಮೊಮ್ಮಗಳು ರಶ್ಮಿಯೂ ಕಾಲೇಜಿಗೆ ಒಪ್ಪಿಸಬೇಕಾದ ಡಿಬಗ್ಗರ್ ಮಾಡುತ್ತಿದ್ದಿರಿ, ಮಧುವನಹಳ್ಳಿಯ ನಮ್ಮ ಪಡಸಾಲೆಯಲ್ಲಿ ಎರಡು ಲ್ಯಾಪ್‌ಟಾಪ್ ಹರವಿಕೊಂಡು. ಏನದು ಅಂತ ಕೇಳಿದ್ದಕ್ಕೆ ನೀನೇ ಬಿಡಿಸಿ ಹೇಳಿದೆ.

“ಪ್ರೋಗ್ರಾಮು ಒಂದೊಂದೇ ಎಜ್ಜೆ ಇಡ್ತದೆ ಕಣಜ್ಜಿ. ತಪ್ಪು ಎಲ್ಲದೆ ಅಂತ ಡಿಬಗ್ಗರು ಇಂದಿಂದೇ ಓಯ್ತದೆ. ನಡುವೆ ಇನ್ನೊಂದು ಫಂಕ್ಷನ್ನ — ಬೇರೆ ಕೆಲ್ಸ ಮಾಡೋ ತುಂಡ — ಕರೆದ್ರೆ ಪ್ರೋಗ್ರಾಮು ಅತ್ತಗೆ ನೆಗೆದುಬುಡ್ತದೆ. ನೆಗೆಯೋಕ್ ಮುಂಚೆ, ವಾಪಸ್ ಎಲ್ಲಿಗೆ ಬರ್ಬೇಕು ಅಂತ ಬರೆದು ಒಂದು ಗುಡ್ಡೆ ಮ್ಯಾಲೆ ಮಡಗ್ತದೆ. ಡಿಬಗ್ಗರು ಎಜ್ಜೆಎಜ್ಜೆಗೂ ಆ ಗುಡ್ಡೆ ನೋಡ್ತದೆ. ವಾಪಸ್ ಬರೋ ಜಾಗ ಮ್ಯಾಲೆ ಕುಂತಿದ್ರೆ — ಓ, ಕರೆದದೆ ಅಂತ ಗೊತ್ತಾಯ್ತದೆ. ಮಡಗ್ದಾಗ ಗುಡ್ಡೆ ತುದಿ ಎಲ್ಲದೆ ಅಂತ ತೋರ್ಸೋ ಅಂಕಿ ಇಳೀತದೆ.”

“ಮಡಗುದ್ರೆ ಏರ್ಬೇಕಲ್ಲವ್ವ? ಇಳಿಯೋದು ಯಾವೂರ ನ್ಯಾಯ್ವೆ?”

“ಅದು ಕೆಳೀಕೆ ಬೆಳೆಯೋ ತಲೆಕೆಳಗಿನ ಗುಡ್ಡೆ ಬುಡಜ್ಜಿ” ಅಂತ ರಶ್ಮಿ ನಕ್ಕಳು.

ಗುಂಡಿ ಒತ್ತುವುದು ಅವಳು. ಡಿಬಗ್ಗರ್ ಕರೆಯನ್ನು ಹಿಡಿಯಿತಾ ಅಂತ ನೋಡುವುದು ನೀನು. ಅದೇ ಹೊತ್ತಿಗೆ ಅಂಕಿ ಇಳಿಯಿತಾ ಅಂತ ನನ್ನ ಕಡೆ ತಿರುಗಿಸಿಟ್ಟ ಇನ್ನೊಂದು ಪರದೆ ನೋಡುವುದು ನಾನು. ಮೂರನೇ ಕ್ಲಾಸಿನವರೆಗೆ ಓದಿದವಳಾದರೂ ಅಂಕಿ ನನಗೆ ಸಲೀಸು, ಅದಕ್ಕೇ ಕೂರಿಸಿದಿರಿ. ಇಳಿದ ಅಂಕಿ, ಹೋದದ್ದು ವಾಪಸ್ ಬಂದೊಡನೆ ಮತ್ತೆ ಏರಿಬಿಡುತ್ತದೆ, ಕಣ್ಣು ಕೀಳಬೇಡ ಅಂದಿದ್ದೆ ನೀನು.

“ಕರೆ ಬಂತು” ಅಂದೆ ನೀನು. ಕರೆ ಹಿಡಿಯುವ ಭಾಗ ಬರೆದವಳು ನೀನೇ. ಇಬ್ಬರೂ ನನ್ನ ಕಡೆ ತಿರುಗಿದಿರಿ. ಪರದೆಯಲ್ಲಿ ನನಗೆ ಬರೀ ಹೊಗೆ.

“ಇಳೀನಿಲ್ಲ” ಅಂದೆ ನಾನು.

“ಇನ್ನೊಂದ್ಸತಿ ನೋಡ್ಬುಟ್ಟು ಯೋಳಜ್ಜಿ. ನಿಜ್ವಾಗ್ಲೂ ಇಳೀನಿಲ್ವಾ?” ಅಂತ ಕೇಳಿದೆ ನೀನು.

ರಶ್ಮಿ ಮತ್ತೆ ಒತ್ತಿದಳು. ಕಾಣದು ಅಂತ ಒಂದು ಮಾತು — ಅಷ್ಟೇ ಆಡಬೇಕಿತ್ತು.

“ನನ್ ಕಣ್ಗೇನಾಗದೆ? ಇಳೀನಿಲ್ಲ ಅಂದ್ರೆ ಇಳೀನಿಲ್ಲ ಕಣಮ್ಮಿ.”

ರಶ್ಮಿ ನಿನ್ನ ಮೇಲೆ ಹರಿಹಾಯ್ದಳು. “ಬರ್ದೇ ಇರೋ ಕರೆಯ ಬಂತು ಅಂತದೆ ನಿಂದು. ನಿನ್ನ ನಂಬ್ಕಂಡು ಕೆಟ್ಟೆ, ಓಗೇ.” ನಿನ್ನ ಭಾಗ ಕಿತ್ತುಹಾಕಿದಳು. ನೀನು ಮಾಡಿದ್ದು ಏನೂ ಇಲ್ಲವೆಂದು ಮೇಷ್ಟ್ರಿಗೂ ಹೇಳಿದಳು. ನೀನು ಫೇಲಾದೆ, ಕಾಲೇಜು ಬಿಟ್ಟೆ. ಕೊಳ್ಳೇಗಾಲದ ಸೀರೆ ಅಂಗಡಿ ಸೇರಿದೆಯೆಂದು ಆಮೇಲೆ ನನ್ನ ಕಿವಿಗೆ ಬಿತ್ತು.

ಒಂದು ದಿನ ನಾನು ಮೆಟ್ಟಿಲ ಮೇಲೆ ಬಿದ್ದೆ. ಗುಟ್ಟು ಬಯಲಾಗಿ ಆಪರೇಷನ್ ಆಯಿತು, ಕಣ್ಣು ಬಂತು. ಆಮೇಲೊಮ್ಮೆ ರಶ್ಮಿ ಅದೇ ಹಳೆಯ ಪ್ರೋಗ್ರಾಮನ್ನು ಓಡಿಸುತ್ತಿದ್ದಾಗ ಬೆನ್ನ ಹಿಂದೆ ನಿಂತು ನೋಡಿದೆ. ಅಂಕಿ ಇಳಿಯಿತು. ಮತ್ತೆ ಏರಿತು. ಅಂದರೆ ಅವತ್ತು ಕರೆ ಬಂದದ್ದು ನಿಜ — ಅವಳು ತಿರುಗಿ ನನ್ನ ಮುಖ ನೋಡಿಬಿಟ್ಟರೆ... ಅಡುಗೆಮನೆಗೆ ಹೋಗಿ ನಿಂತೆ. ಆಗಲೂ ಹೇಳಲಿಲ್ಲ.

ಅಲ್ಲಿಂದ ಈಚೆಗೆ ಕೊಳ್ಳೇಗಾಲಕ್ಕೆ ಹೋದರೆ ಆ ಅಂಗಡಿ ಸಾಲಿನಲ್ಲಿ ನಡೆದವಳಲ್ಲ. ನಿಮ್ಮೂರು ಧನಗೆರೆಯವರು ಯಾರು ಬಂದರೂ ಹಿತ್ತಲಿಗೆ ಹೋಗುತ್ತಿದ್ದೆ. ನಿನ್ನ ಸುದ್ದಿ ತಂದಿದ್ದಾರೇನೋ — ತಿಳಿದುಹೋಗಿದೆಯೇನೋ —

ನಿನ್ನೆ ರಶ್ಮಿಗೆ ಹೇಳಿದೆ. ಬೈಯಲಿಲ್ಲ ಅವಳು. “ಆ ಉಡ್ಗಿ ಎಲ್ಡನೇ ಸತೀನೂ ಕೇಳ್ತಲ್ಲಜ್ಜಿ ನಿನ್ನ” ಅಂದು ಎದ್ದುಹೋದಳು.

ಸೋಮವಾರ ಧನಗೆರೆಗೆ ಬರುತ್ತೇನೆ. ನಿನ್ನ ಅಪ್ಪ ಏನನ್ನುತ್ತಾನೋ, ನೀನು ಏನನ್ನುತ್ತೀಯೋ ಅಂತ ಇದನ್ನು ಬರೆಯುವಾಗಲೂ ಹೆದರಿಕೆಯೇ. ಬಾಗಿಲು ಹಾಕಿಕೊಂಡರೆ ಹಾಕಿಕೋ. ಚಂದ್ರಿಯ ಕೆಲಸ ಸರಿಯಾಗಿತ್ತು, ಸುಳ್ಳು ಹೇಳಿದ್ದು ನಾನು ಅಂತ ನಿಮ್ಮ ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಹೋಗುತ್ತೇನೆ. ಒಳಗೆ ಕರೆ ಅಂತ ಕೇಳುವುದಿಲ್ಲ.