ಇಬ್ಬರು ಕೈದಿಗಳಿಗೆ ಚಹಾ

ಕೀಳ್ ಕೋತಗಿರಿಯ ಟೀ ಎಸ್ಟೇಟಿನ ಬಂಗಲೆಯಲ್ಲಿ ಅಡುಗೆಗೆ ಸೇರಿದ ದಿನ ಇಂಗ್ಲಿಷ್ ದೊರೆ ನನಗೆ ಹಾಕಿದ ಕಟ್ಟಳೆ ಒಂದೇ: ಟರ್ನಿಪ್ ಗೆಡ್ಡೆ ಒಳಗೆ ಬರಕೂಡದು. ನಮ್ಮ ಬಡಗರ ಹಟ್ಟಿಯವರು ಬೆಳೆಯುತ್ತಿದ್ದುದೇ ಅದನ್ನು.

ಕಾರಣ ಆಮೇಲೆ ತಿಳಿಯಿತು. ಜರ್ಮನಿಯ ಯುದ್ಧದಲ್ಲಿ ದೊರೆ ವಿಮಾನದಿಂದ ಬಾಂಬು ಹಾಕುವ ಕೆಲಸದಲ್ಲಿದ್ದರಂತೆ. ಕೆಳಗಿನವರು ಗುಂಡು ಹೊಡೆದು ವಿಮಾನವನ್ನು ಬೀಳಿಸಿದರು. ಬಿದ್ದದ್ದು ಟರ್ನಿಪ್ ಹೊಲದಲ್ಲಿ. ಹೊಲದ ಮುದುಕಿ ಗುದ್ದಲಿ ಹಿಡಿದು ಬಂದವಳು ಮೊದಲು ಬೆಳೆ ನೋಡಿದಳು, ಆಮೇಲೆ ಇವರನ್ನು. ಯುದ್ಧ ಮುಗಿಯುವವರೆಗೂ ಸೆರೆಯಲ್ಲಿ ಅದೇ ಗೆಡ್ಡೆಯ ಸಾರು. ಜರ್ಮನ್ ಭಾಷೆಯೂ ಅಲ್ಲೇ ಬಂತು. ಬಿಡುಗಡೆಯಾದ ಮೇಲೆ ಅದನ್ನು ಆಡಿರಲಿಲ್ಲ.

ಒಂದು ಮಧ್ಯಾಹ್ನ ಎಲೆ ಕೀಳುವ ಹೆಂಗಸರು ಬಿಳಿಯ ಮುದುಕನೊಬ್ಬನನ್ನು ಎತ್ತಿಕೊಂಡು ಬಂದರು. ಹಟ್ಟಿಗಳನ್ನು ಸುತ್ತುತ್ತಿದ್ದ ಜರ್ಮನ್ ಪಾದ್ರಿ. ತೋಟದ ಇಳಿಜಾರಿನಲ್ಲಿ ಕಾಲು ಉಳುಕಿತ್ತು. ಯುದ್ಧ ಶುರುವಾದಾಗ ಇಲ್ಲಿನ ಇಂಗ್ಲಿಷ್ ಸರ್ಕಾರ ಅವರನ್ನು ಮುಳ್ಳುತಂತಿಯ ಹಿಂದೆ ಇಟ್ಟು, ನಂತರ ಜರ್ಮನಿಗೆ ಸಾಗಹಾಕಿತ್ತು. ಎಷ್ಟೋ ವರ್ಷದ ಮೇಲೆ ಮರಳಿದ್ದರು. ಇಂಗ್ಲಿಷ್ ಬರುತ್ತಿತ್ತು, ಆಡುತ್ತಿರಲಿಲ್ಲ.

ವರಾಂಡದಲ್ಲಿ ಇಬ್ಬರೂ ಎದುರುಬದುರು ಕುಳಿತರು. ಒಬ್ಬರ ಯುದ್ಧದ ಕಥೆ ಇನ್ನೊಬ್ಬರ ಕಿವಿಗೆ ಆಗಲೇ ಬಿದ್ದಿತ್ತು. ಪಾದ್ರಿ ನನ್ನ ಕಡೆ ತಿರುಗಿ ನಮ್ಮ ಬಡಗ ಮಾತಿನಲ್ಲಿ, "ದೊರೆಗೆ ಹೇಳು ತಮ್ಮಾ, ನೋವು ಇಳಿದರೆ ನಾ ಹೋಗಿನೆ," ಎಂದರು. ನಾನು ಅದನ್ನು ತಮಿಳಿನಲ್ಲಿ ದೊರೆಗೆ ಹೇಳಿದೆ. ದೊರೆಗೆ ತಮಿಳು ಬರುತ್ತಿದ್ದುದು ಕೂಲಿಗಳನ್ನು ಕರೆಯುವಷ್ಟು.

"ಸೆರೆಯಲ್ಲಿ ಏನು ತಿನ್ನಲು ಕೊಟ್ಟರು ಅಂತ ಕೇಳು," ಎಂದರು ದೊರೆ.

ಕೇಳಿದೆ. ವಾರಕ್ಕೊಮ್ಮೆ ಕುರಿ ಮಾಂಸ ಎಂದು ಉತ್ತರ ಬಂತು. ದೊರೆ ತಮ್ಮ ಚಹಾದ ಬಟ್ಟಲಿಗೆ ಎರಡನೆಯ ಸಲ ಸಕ್ಕರೆ ಹಾಕಿಕೊಂಡರು.

ಆಮೇಲೆ ಪಾದ್ರಿಯ ಸರದಿ. ದೊರೆ ಬಾಂಬು ಹಾಕಿದ್ದು ಯಾವ ಊರಿಗೆ? ದೊರೆ ಹೆಸರು ಹೇಳಿದರು.

"ಅಲ್ಲಿ ನಾ ಒಂದು ಟೋಪಿ ಕೊಂಡಿದ್ದೆ," ಎಂದರು ಪಾದ್ರಿ.

"ಕಡೈ ಎಂಗೆ?" ಎಂದರು ದೊರೆ. ಅಂಗಡಿ ಎಲ್ಲಿತ್ತು ಎಂದು ದಾಟಿಸಿದೆ.

"ರೈಲು ಸ್ಟೇಷನ್ ಎದುರಿಗೆ."

ಬಾಂಬು ಬಿದ್ದದ್ದು ಸ್ಟೇಷನ್ನಿನ ಮೇಲೆ ಎಂದು ನನಗೆ ಗೊತ್ತಿತ್ತು, ದೊರೆಯೇ ಹೇಳಿದ್ದರು. ಈಗ ಅವರು ಬಟ್ಟಲು ಕೆಳಗಿಟ್ಟು, ನನ್ನನ್ನು ನೋಡದೆ, ಜರ್ಮನ್‌ನಲ್ಲಿ ಒಂದು ಚಿಕ್ಕ ಮಾತು ಹೇಳಿದರು. ಪಾದ್ರಿ ಕಾಲು ನೀವಿಕೊಳ್ಳುವುದನ್ನು ನಿಲ್ಲಿಸಿದರು. ಇಂಗ್ಲಿಷಿನಲ್ಲಿ, ನನಗೂ ಅರ್ಥವಾಗುವಷ್ಟು ನಿಧಾನವಾಗಿ, "ಆ ಟೋಪಿ ಅಂಥ ಒಳ್ಳೆಯದೇನೂ ಆಗಿರಲಿಲ್ಲ," ಎಂದರು.

ನಾನು ಇನ್ನಷ್ಟು ಚಹಾ ಮಾಡಲು ಒಳಗೆ ಹೋದೆ. ಹಾಲು ಉಕ್ಕಿಹೋಯಿತು.

ಅಂದಿನಿಂದ ಪಾದ್ರಿ ಆಗಾಗ ಬರತೊಡಗಿದರು. ಮತ್ತೆ ಬಡಗ ಮಾತು, ಮತ್ತೆ ತಮಿಳು, ನಡುವೆ ನಾನು. ಒಲೆಯ ಮೇಲಿನ ಸಾರು ಎರಡು ಸಲ ಸೀದುಹೋಯಿತು. ವಯಸ್ಸಾಗಿ ಪಾದ್ರಿ ಜರ್ಮನಿಗೆ ಹೊರಟಾಗ ದೊರೆ ತಾವೇ ಕಾರಿನಲ್ಲಿ ಮೆಟ್ಟುಪಾಳಯದ ರೈಲಿಗೆ ಬಿಟ್ಟುಬಂದರು. ಘಾಟಿ ಇಳಿಯುವಾಗ ಏನು ಮಾತಾಡಿದಿರಿ ಎಂದು ಕೇಳಿದೆ.

"ಏನೂ ಇಲ್ಲ," ಎಂದರು. "ನೀನು ಬಂದಿರಲಿಲ್ಲವಲ್ಲ."