ಕತ್ತರಿಸಿಟ್ಟ ಗಣಪತಿಗಳು

ಹೈದರಾಬಾದಿಗೆ ಸಾಫ್ಟ್‌ವೇರ್ ದುಡ್ಡು ಬಂದ ಮೇಲೆ ಮೊದಲು ದಪ್ಪಗಾದದ್ದು ಮದುವೆ ಪತ್ರಿಕೆಗಳು. ಮಡಿಚಿದ ಒಂದು ಹಾಳೆಯಾಗಿದ್ದದ್ದು ನೋಡನೋಡುತ್ತ ಸೀರೆ ಡಬ್ಬಿಯಷ್ಟಾಯಿತು. ದಿಲ್‌ಸುಖ್‌ನಗರದ ನಮ್ಮ ಅಪಾರ್ಟ್‌ಮೆಂಟಿನವರು ಆಗ ಗೇಟಿನ ಪಕ್ಕದ ಶೆಡ್ಡಿನಲ್ಲಿ ಒಣಕಸದ ಕೇಂದ್ರ ಶುರು ಮಾಡಿದ್ದೆವು. ಸುತ್ತಲಿನ ಬೀದಿಯವರು ತಂದುಕೊಟ್ಟ ಕಾಗದ, ಬಾಟಲಿ, ಹಾಲಿನ ಪಾಕೀಟುಗಳನ್ನು ಭಾನುವಾರ ಬೆಳಿಗ್ಗೆ ನಾವು ಐದಾರು ಜನ ಕೂತು ವಿಂಗಡಿಸುತ್ತಿದ್ದೆವು. ಕೆರೆಗೆ ಕಸ ಹಾಕಬೇಡಿ ಎಂದು ಸಿಕ್ಕಸಿಕ್ಕವರಿಗೆ ಉಪದೇಶ ಮಾಡುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ಯಾರೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಮನೆಯಲ್ಲಿ ಮಾತ್ರ ನನ್ನ ಉಪದೇಶ ನಡೆಯುತ್ತಿರಲಿಲ್ಲ. ಗುಲಬರ್ಗಾದಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ದೇವರ ಚಿತ್ರವಿರುವ ಒಂದು ಚೂರು ಕಾಗದವನ್ನೂ ಕಸಕ್ಕೆ ಬಿಡುತ್ತಿರಲಿಲ್ಲ. ಕನ್ನಡಕ ಏರಿಸಿ, ಹೊಲಿಗೆ ಕತ್ತರಿ ಹಿಡಿದು, ಪತ್ರಿಕೆಯ ಗಣಪತಿಯನ್ನು ಕಿವಿ ಸೊಂಡಿಲು ಊನವಾಗದಂತೆ ಬಿಡಿಸಿ ತೆಗೆಯುತ್ತಿದ್ದರು. ಊದಿನಕಡ್ಡಿ ಡಬ್ಬಿಯ ಲಕ್ಷ್ಮಿ, ಕ್ಯಾಲೆಂಡರಿನ ತಿಮ್ಮಪ್ಪ, ಎಲ್ಲರೂ ಒಂದು ಬಟ್ಟೆ ಚೀಲ ಸೇರುತ್ತಿದ್ದರು. ಚೀಲ ತುಂಬಿದಾಗ ಕೆರೆಗೆ ಬಿಟ್ಟು ಬರುವುದು ನನ್ನ ಪಾಲಿನ ಕೆಲಸ.

ನಾನು ಕೆರೆಗೆ ಬಿಡುತ್ತಿರಲಿಲ್ಲ. ಮೆಟ್ಟಿಲಿಳಿದು ಶೆಡ್ಡಿಗೆ ಹೋಗಿ ದೇವರುಗಳನ್ನೆಲ್ಲ ಕಾಗದದ ಮೂಟೆಗೆ ಸುರಿದು, ಸ್ವಲ್ಪ ಹೊತ್ತು ಕಳೆದು, ಖಾಲಿ ಚೀಲವನ್ನು ನಲ್ಲಿಯಲ್ಲಿ ಒದ್ದೆ ಮಾಡಿಕೊಂಡು ಮೇಲೆ ಬರುತ್ತಿದ್ದೆ. ಬಿಟ್ಟು ಬಂದೆಯಾ ಎಂದು ಅವರು ಕೇಳಿದರೆ ಹೂಂ ಎನ್ನುತ್ತಿದ್ದೆ. ಅವರು ನಿಂತಲ್ಲೇ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ಅದನ್ನು ನೋಡಲಾಗದೆ ನಾನು ಅಡುಗೆಮನೆಗೆ ಜಾರುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು.

ಒಂದು ಶ್ರಾವಣದಲ್ಲಿ, ಈ ಸಲ ತಾವೂ ಕೆರೆಗೆ ಬರುವುದಾಗಿ ಅತ್ತೆ ಹಟ ಹಿಡಿದರು. ಮಳೆ ಬರಬಹುದು, ಮೊಣಕಾಲು ನೋಯುತ್ತದೆ, ಆಟೊ ಸಿಗುವುದಿಲ್ಲ ಎಂದೆಲ್ಲ ಹೇಳಿ ನೋಡಿದೆ. ಅವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಕೆರೆಯ ದಂಡೆಯಲ್ಲಿ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಹಸಿರು ನೊರೆ, ಥರ್ಮಾಕೋಲ್, ಸತ್ತ ಮೀನು. ನೀರೇ ಕಾಣುತ್ತಿರಲಿಲ್ಲ. ಚೀಲವನ್ನು ಎದೆಗವಚಿಕೊಂಡು ಬಹಳ ಹೊತ್ತು ನಿಂತರು. ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿತ್ತು.

“ಇಷ್ಟು ದಿನ ಈ ಹೊಲಸಿನ್ಯಾಗ ಬಿಟ್ಟಿ ಏನವ್ವಾ ನಮ್ಮ ದೇವರನ್ನ?”

ಹೂಂ ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. ಆ ಮುಖ ನೋಡಲಾರದೆ ನಿಜ ಹೇಳಿಬಿಟ್ಟೆ. ಒಂದನ್ನೂ ಇಲ್ಲಿ ಬಿಟ್ಟಿಲ್ಲ, ಎಲ್ಲ ನಮ್ಮ ಶೆಡ್ಡಿನಿಂದ ಕಾಗದದ ಕಾರ್ಖಾನೆಗೆ ಹೋಗಿವೆ, ಅಲ್ಲಿ ನೀರಿನಲ್ಲಿ ಕರಗಿ ಮತ್ತೆ ಹಾಳೆಯಾಗುತ್ತವೆ ಎಂದೆ.

ಅತ್ತೆ ಚೀಲವನ್ನು ಹಾಗೇ ಹಿಡಿದುಕೊಂಡು ಆಟೊ ಹತ್ತಿದರು. ಅರ್ಧ ದಾರಿ ಬಂದ ಮೇಲೆ, ಕಾರ್ಖಾನೆಯ ನೀರು ಚೊಕ್ಕ ಇರುತ್ತದೆಯೇ ಎಂದು ಕೇಳಿದರು. ಈ ಕೆರೆಗಿಂತ ಚೊಕ್ಕ ಎಂದೆ. ಸದ್ಯ, ಬಚಾವಾದೆ ಎಂದುಕೊಂಡೆ.

“ದೇವರು ಎಲ್ಲೆರ ಕರಗಲಿ, ಅದಕ್ಕೇನಿಲ್ಲ,” ಎಂದರು ಹೊರಗೆ ನೋಡುತ್ತ. “ನನಗ ಹೇಳಿದ್ರ ತಿಳಿಯೂದಿಲ್ಲ ಅಂದ್ಕೊಂಡಿ ನೋಡು, ಅದಕ್ಕ ಭಾಳ ಸಂಕಟ ಆಗ್ತದ.”

ಊರಿಗೆಲ್ಲ ತಿಳಿಹೇಳುತ್ತಿದ್ದ ನಾನು ಮನೆಯ ಒಬ್ಬರಿಗೆ ಹೇಳಿ ನೋಡಿರಲಿಲ್ಲ. ನಾಚಿಕೆಯಾಯಿತು. ತಪ್ಪಾಯಿತು ಎಂದೆ, ಆಟೊದ ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ.

ಮುಂದಿನ ಭಾನುವಾರ ಅವರೇ ಶೆಡ್ಡಿಗೆ ಇಳಿದು ಬಂದು, ಗಣಪತಿಗಳನ್ನು ಮೂಟೆಗೆ ಸುರಿದು ಕೈ ಮುಗಿದರು. ಆಮೇಲೆ ಬದುಕಿದ್ದಷ್ಟು ವರ್ಷವೂ ಬಂದರು. ನೆರೆಯವರ ಪತ್ರಿಕೆಗಳನ್ನೂ ಕತ್ತರಿಸಿಕೊಟ್ಟರು, ನನ್ನ ಪಕ್ಕದಲ್ಲೇ ಕೂತು ಎಲ್ಲರನ್ನೂ ನಗಿಸಿದರು. ಚೀಲವನ್ನು ಮಾತ್ರ ಮತ್ತೆಂದೂ ನನ್ನ ಕೈಗೆ ಕೊಡಲಿಲ್ಲ.