ಮಾವ ಹಾಕಿದ ಮೈಲುತುತ್ತ

ಹೋದ ಭಾನುವಾರ ದಬ್ಬೇಘಟ್ಟದಲ್ಲಿ ಗೃಹಪ್ರವೇಶದ ಊಟ ಮುಗಿಸಿ ಸಂಜೆ ತಿಪಟೂರಿನ ಮನೆಗೆ ಬಂದೆವು. ನಮ್ಮ ಮಾವ ನಡುಮನೆಯಲ್ಲಿ ಅಕ್ವೇರಿಯಂ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಖದಲ್ಲಿ ಸಣ್ಣ ನಗು. ಒಳ್ಳೆಯ ಕೆಲಸ ಮಾಡಿ, ಯಾರಾದರೂ ಕೇಳಲಿ ಎಂದು ಕಾಯುವವರ ನಗು ಇರುತ್ತದಲ್ಲ, ಅದು.

"ನಿನ್ನ ಪಾಚಿಗೆ ಮದ್ದು ಮಾಡಿವ್ನಿ ಕಣವ್ವ," ಎಂದರು ಮಗಳಿಗೆ. "ಇನ್ನು ಬ್ರಷ್ ಹಿಡ್ಕಂಡು ತಿಕ್ಕಂಗಿಲ್ಲ ಬುಡು."

ಚಪ್ಪಲಿ ಬಿಡುತ್ತಿದ್ದ ನನ್ನ ಹೆಂಡತಿ ಸುಜಾತಾ ಹಾಗೇ ನಿಂತಳು. ಗಾಜಿನ ಅಂಚಿನ ಮೇಲೆ ಬಿಳಿ ಬಟ್ಟೆಯ ಪುಟ್ಟ ಗಂಟೊಂದು ಒಣಗುತ್ತಿತ್ತು. ಅದರ ತುದಿ ನೀಲಿಯಾಗಿತ್ತು.

"ಏನಪ್ಪ ಅದು?"

"ಮೈಲುತುತ್ತ. ಸೊಲ್ಪಾನೆ."

ಸುಜಾತಾಳ ಈ ಅಕ್ವೇರಿಯಂ ಬಗ್ಗೆ ಹಿಂದೆಯೂ ಬರೆದಿದ್ದೇನೆ. (ತೆಂಗಿನ ಸೀಮೆಯಲ್ಲಿ ಸಮುದ್ರ ಸಾಕುವವಳು ಎಂದು ಬೀದಿಯಲ್ಲಿ ಹೆಸರಾಗಿದ್ದಾಳೆ.) ಪ್ಯಾಕೆಟ್ಟಿನಲ್ಲಿ ಬರುವ ಸಮುದ್ರದ ಉಪ್ಪನ್ನು ಶುದ್ಧ ನೀರಿನಲ್ಲಿ ಕದಡಿ, ಅದರಲ್ಲಿ ಮೀನು, ಸೀಗಡಿ, ಬಸವನಹುಳು, ಹವಳ ಎಲ್ಲವನ್ನೂ ಸಾಕುತ್ತಾಳೆ. ಹವಳ ಎಂದರೆ ಸರದ ಹವಳವಲ್ಲ. ಕಲ್ಲಿಗೆ ಅಂಟಿಕೊಂಡು, ಬೆಳಕು ಬಿದ್ದರೆ ಹೂವಿನಂತೆ ಅರಳುವ ಜೀವ.

ಈ ಬೇಸಿಗೆಯಲ್ಲಿ ಅಕ್ವೇರಿಯಂಗೆ ಪಾಚಿ ಹತ್ತಿತು. ಕೂದಲಿನಂಥ ಹಸಿರು ಪಾಚಿ. ಆರ್‌ಓ ಮೆಷಿನ್ನಿನ ಫಿಲ್ಟರ್ ಹಳೆಯದಾಗಿ, ಬೋರ್‌ವೆಲ್ ನೀರಿನಲ್ಲಿದ್ದ ಗೊಬ್ಬರದ ಅಂಶವೆಲ್ಲ ಒಳಗೆ ಹೋಗುತ್ತಿತ್ತು ಎಂದು ಅವಳೇ ಕಂಡುಹಿಡಿದಳು. ಫಿಲ್ಟರ್ ಬದಲಾಯಿಸಿದಳು. ಲೈಟು ಉರಿಸುವ ಹೊತ್ತು ಕಡಿಮೆ ಮಾಡಿದಳು. ಮೀನಿನ ಊಟ ಕಡಿಮೆ ಮಾಡಿದಳು. ಉಳಿದದ್ದನ್ನು ದಿನವೂ ತೋಳು ಮುಳುಗಿಸಿ, ಟೂತ್‌ಬ್ರಷ್ಷಿನಲ್ಲಿ ತಿಕ್ಕಿ, ಕೈಯಲ್ಲಿ ಕಿತ್ತು ತೆಗೆಯುತ್ತಿದ್ದಳು. "ಪಾಚಿಗೆ ಔಷಧಿ ಇಲ್ಲ ಕಣ್ರೀ, ಉಪವಾಸ ಕೆಡವಬೇಕು ಅಷ್ಟೇ," ಎನ್ನುತ್ತಿದ್ದಳು. ನಿಧಾನಕ್ಕೆ ಇಳಿಯುತ್ತಲೂ ಇತ್ತು.

ಶನಿವಾರ ದಂಡಿನಶಿವರದಿಂದ ಬಂದ ಮಾವ ಇದನ್ನು ನೋಡಿದ್ದಾರೆ. ಅವರು ನೋಡಿದ್ದು ಪಾಚಿಯನ್ನಲ್ಲ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಳ್ಳುವ ಮಗಳನ್ನು.

ಮೈಲುತುತ್ತ, ಎಂದರೆ ತಾಮ್ರದ ನೀಲಿ ಉಪ್ಪು, ನಮ್ಮ ಕಡೆ ಗೊತ್ತಿಲ್ಲದ ಮನೆ ಇಲ್ಲ. ತೆಂಗಿನ ಸುಳಿ ಕೊಳೆತರೆ ಸುಣ್ಣದ ಜೊತೆ ಕಲಸಿ ಹಚ್ಚುವುದು ಅದನ್ನೇ. ತೋಟದ ಸಿಮೆಂಟು ತೊಟ್ಟಿಯಲ್ಲಿ ಪಾಚಿ ಕಟ್ಟಿದರೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡುವುದೂ ಅದನ್ನೇ. ಮಾವ ತಮ್ಮ ತೋಟಕ್ಕೆಂದು ಪೇಟೆಯಲ್ಲಿ ಕೊಂಡಿದ್ದ ಪೊಟ್ಟಣ ಚೀಲದಲ್ಲೇ ಇತ್ತು. ಮಂಡಿ ನೋವು ಎಂದು ಗೃಹಪ್ರವೇಶಕ್ಕೆ ಬಂದಿರಲಿಲ್ಲ. ಮಧ್ಯಾಹ್ನ ಗಂಟು ಕಟ್ಟಿ ಇಳಿಬಿಟ್ಟಿದ್ದಾರೆ. ಕುರ್ಚಿ ಹಾಕಿಕೊಂಡು ಕಾವಲೂ ಕೂತಿದ್ದಾರೆ.

"ಮೀನು ನೋಡ್ಕಂಡೇ ಬಿಟ್ಟಿದ್ದು. ಒಂದಕ್ಕಾದ್ರೂ ಏನಾದ್ರೂ ಆಗೈತಾ ನೋಡು," ಎಂದರು.

ನಿಜ. ಮೀನು ಚೆನ್ನಾಗಿ ಓಡಾಡುತ್ತಿದ್ದವು.

"ಗಾಜಿಗೆ ಹುಳ ಬೇರೆ ಅಂಟ್ಕಂಡಿದ್ವು. ಅವೂ ಬಿದ್ದೋದ್ವು."

ಬಸವನಹುಳುಗಳು ಮರಳ ಮೇಲೆ ಬಾಯಿ ಮೇಲಾಗಿ ಬಿದ್ದಿದ್ದವು. ಸುಜಾತಾಳ ಬೆರಳಿಗೆ ಬಂದು ಕೂರುತ್ತಿದ್ದ ಕೆಂಪು ಪಟ್ಟೆಯ ಸೀಗಡಿ ಒಂದು ಮಗ್ಗುಲಿಗೆ ಮಲಗಿತ್ತು. ಹವಳಗಳು ಒಂದೂ ಬಿಡದೆ ಮುದುಡಿದ್ದವು. ಪಾಚಿ ಮಾತ್ರ ಹಾಗೇ ಇತ್ತು.

ಅವಳು ದನಿ ಏರಿಸಲಿಲ್ಲ. "ಅಪ್ಪ, ಆ ಹೂವಿನ ಥರ ಇದಾವಲ್ಲ, ಅವೂ ಜೀವ ಕಣಪ್ಪ. ಮೈಲುತುತ್ತ ಅವಕ್ಕೆ ವಿಷ."

"ಯಾವು? ಆ ಕಲ್ಲಾ?"

"ಕಲ್ಲಲ್ಲಪ್ಪ."

ಮಾವ ಎದ್ದು ನಿಂತರು. ಅವರ ಮುಖವನ್ನು ನಾನು ನೋಡಿದೆ. ನೋಡಬಾರದಿತ್ತು.

ನೀರು ಬದಲಿಸಲೆಂದು ಉಪ್ಪು ಕದಡಿಟ್ಟ ಡ್ರಮ್ಮು ಹಿತ್ತಲಲ್ಲಿ ಯಾವಾಗಲೂ ಇರುತ್ತದೆ. ನಾನು ಅದನ್ನು ತಂದು ಒಂದು ಟಬ್ಬಿಗೆ ಸುರಿದೆ. ಸುಜಾತಾ ಹವಳಗಳನ್ನು ಒಂದೊಂದೇ ಎತ್ತಿ ತೊಳೆದು ಕೊಟ್ಟಳು. ಮಾವ ಮಂಡಿಯೂರಿ ಕೂತು ಎರಡೂ ಕೈಯಲ್ಲಿ ಇಸಿದುಕೊಂಡು ಟಬ್ಬಿಗೆ ಇಳಿಸಿದರು.

"ಇದು?"

"ಜೀವ."

"ಇದು?"

"ಅದೂ."

"ಇದ್ಕೂ ಐತಾ?"

"ಇಲ್ಲಪ್ಪ, ಅದು ಬರೀ ಕಲ್ಲು."

ಅದನ್ನೂ ಅವರು ಅಷ್ಟೇ ಮೆಲ್ಲಗೆ ಪಕ್ಕದ ನೆಲದ ಮೇಲೆ ಇಳಿಸಿದರು.

ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದರು. "ಮೂರ್ ವರ್ಷದಿಂದ ಬತ್ತಾ ಇವ್ನಿ. ಇವುಕ್ಕೆ ಜೀವ ಐತೆ ಅಂತ ಒಂದಿನಾನಾದ್ರೂ ಹೇಳಿದ್ರಾ?" ಬೈಗುಳವಲ್ಲ. ಸುಮ್ಮನೆ ಕೇಳಿದ್ದು. ಮನೆಗೆ ಬಂದವರಿಗೆ ನಾವು ತೋರಿಸುವುದು ಮೀನನ್ನು. ಅವರು ರೇಟು ಕೇಳುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಇದನ್ನು ಅವರ ತಪ್ಪು ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಹದ ನೋಡಿ ಹಾಕಿದ್ದಾರೆ, ಕೂತು ಕಾದಿದ್ದಾರೆ. ಜೀವ ಎಂದು ಯಾವುದು ಗೊತ್ತಿತ್ತೋ ಅದನ್ನು ಕಾಪಾಡಿದ್ದಾರೆ. ಇದಕ್ಕಿಂತ ಹೆಚ್ಚು ಎಚ್ಚರಿಕೆ ನಮ್ಮಲ್ಲಿ ಎಷ್ಟು ಜನಕ್ಕಿದೆ? ನೀವು ಊರಿಗೆ ಹೋಗಿದ್ದಾಗ ಪಕ್ಕದ ಮನೆಯವರು ಪ್ರೀತಿಯಿಂದ ದಿನಾ ನೀರು ಹಾಕಿ ಕೊಳೆಸಿದ ಕಳ್ಳಿಗಿಡವೊಂದು ನಿಮ್ಮ ಮನೆಯಲ್ಲೂ ಇರಬಹುದು. ಯಾರ ಮೇಲೆ ಸಿಟ್ಟು ಮಾಡುತ್ತೀರಿ?

ಹಳೆಯ ಕಲ್ಲು, ಮರಳು ತಾಮ್ರ ಕುಡಿದಿವೆಯಂತೆ. ಅವುಗಳ ನಡುವೆ ಹವಳ ಇನ್ನು ಬದುಕುವುದಿಲ್ಲವಂತೆ. ಬದುಕಿದರೆ ಟಬ್ಬಿನಲ್ಲೇ ಬದುಕಬೇಕು. ಅದಕ್ಕೇ ಒಂದು ಲೈಟು, ಒಂದು ಸಣ್ಣ ಪಂಪು ಇಟ್ಟಿದ್ದಾಳೆ.

ಮಾವ ಸೋಮವಾರ ಮೊದಲ ಬಸ್ಸಿಗೆ ಹೊರಟುಹೋದರು. ಆಮೇಲೆ ಹೊತ್ತುಹೊತ್ತಿಗೂ ಮಗಳಿಗೆ ಫೋನು. ಹೇಗಿದ್ದೀಯ ಎಂದೂ ಕೇಳುವುದಿಲ್ಲ. "ಅರಳಿದ್ವಾ?" ಅಷ್ಟೇ. "ಇನ್ನೂ ಇಲ್ಲಪ್ಪ," ಎನ್ನುತ್ತಿದ್ದಳು. ಮಾವ ಸರಿಯಾಗಿ ಉಣ್ಣುತ್ತಿಲ್ಲ ಎಂದು ಅತ್ತೆ ಬೇರೆ ಹೇಳಿದ್ದರು.

ನಿನ್ನೆ ಮಧ್ಯಾಹ್ನ ಮತ್ತೆ ಫೋನು ಬಂತು. ಸುಜಾತಾ ಟಬ್ಬಿನ ಪಕ್ಕದಲ್ಲೇ ಕೂತಿದ್ದಳು. ನಾನೂ ಇದ್ದೆ. ಸ್ಪೀಕರ್ ಆನ್ ಇತ್ತು.

"ಅರಳಿದ್ವಾ ಮಗಾ?"

ಅವಳು ಟಬ್ಬನ್ನು ಒಂದು ಸಲ ಪೂರ್ತಿ ನೋಡಿದಳು.

"ಅರಳಿದ್ವಪ್ಪ. ಎಲ್ಲಾ."

"ಸರಿ ಕಣವ್ವ. ಉಣ್ತೀನಿ," ಎಂದರು.

ಅರಳಿದ್ದು ಎರಡು. ನೀವಾಗಿದ್ದರೆ ಎಷ್ಟು ಎನ್ನುತ್ತಿದ್ದಿರಿ?